ಮೂಲವೊಂದು, ರೂಪಾಂತರ ಹಲವು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ‘ಥೀಮ್ ಮತ್ತು ವೇರಿಯೇಷನ್ಸ್’ ಎಂಬ ರಚನಾಕ್ರಮವೊಂದುಂಟು. ಮೊದಲು ಒಂದು ಮೂಲ ಸ್ವರವಾಕ್ಯವನ್ನು ನುಡಿಸಿ, ಅನಂತರ ಅದರ ಲಯವನ್ನೋ ಗತಿಯನ್ನೋ ಸ್ವರಸಂಯೋಗವನ್ನೋ ಬದಲಿಸುತ್ತ ಹೋಗುವುದು ಅದರ ಲಕ್ಷಣ. ನಮ್ಮ ಕೃತಿಗಳಲ್ಲಿ ಒಂದೇ ಸಾಲಿಗೆ ಸಂಗತಿಗಳನ್ನು ಹಾಡುವುದನ್ನು ಕೇಳಿದವರಿಗೆ ಇದು ತೀರ ಅಪರಿಚಿತವೆನಿಸದು. ಸೊರಬದ ಗುಡಿಗಾರರೂ ಶ್ರೀಗಂಧದಲ್ಲಿ ಒಂದೇ ಬಳ್ಳಿಯನ್ನು ಹಲವು ಬಗೆಯಾಗಿ ಬಳುಕಿಸುತ್ತಾರಷ್ಟೆ.

ಹೊಸಬಾಳೆಯ ಅಡಿಕೆ ವ್ಯಾಪಾರಿಯಾದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಜಯಚಾಮರಾಜ ಒಡೆಯರ (1919–1974) ಜೀವನವನ್ನು ಓದಿದಾಗ. ಪಿಯಾನೊ ವಾದಕರಾಗಬೇಕೆಂಬ ಹಂಬಲ ಅವರಿಗಿತ್ತು. 1940ರಲ್ಲಿ ತಂದೆಯವರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಕಾಲವಾದುದರಿಂದ ರಾಜ್ಯದ ಹೊಣೆ ಅವರ ಹೆಗಲೇರಿತು. ಆದರೂ ಸಂಗೀತ ಅವರನ್ನು ಬಿಡಲಿಲ್ಲ. ರಷ್ಯದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ (1880–1951) ಹೊಸ ಪಂಥಗಳಿಗೆ ಮಣಿಯದೆ ಇಳಿವಯಸ್ಸಿನಲ್ಲಿ ಅನಾರೋಗ್ಯಕ್ಕೂ ಧನಾಭಾವಕ್ಕೂ ಸಿಲುಕಿದ್ದ. 1940ರ ದಶಕದ ಕೊನೆಯಲ್ಲಿ ಒಡೆಯರ ಧನಸಹಾಯದಿಂದ ಮೆಟ್ನರ್ ಸೊಸೈಟಿ ನಡೆದು, ಆತ ಸ್ವತಃ ನುಡಿಸಿದ ಕೃತಿಗಳು ಎಚ್.ಎಂ.ವಿ. ಧ್ವನಿಮುದ್ರಿಕೆಗಳಾಗಿ ಹೊರಬಂದವು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಒಡೆಯರಿಗೆ ಅರ್ಪಿಸಿದ. ಒಡೆಯರು ಮುಂದೆ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು.

ಮೆಟ್ನರನ ‘ಎರಡನೆಯ ಇಂಪ್ರೊವೈಸೇಷನ್’ (ಓಪಸ್ 47, 1925–26) ಪಿಯಾನೊ ಒಂದಕ್ಕೇ ಬರೆದ ಇಂಥ ರಚನೆ. ಜಲಕನ್ಯೆಯ ಹಾಡು ಅದರ ಮೂಲ. ಧ್ಯಾನ, ಹಕ್ಕಿಗಳು, ಕಾಡು, ಬಿರುಗಾಳಿ ಮೊದಲಾದ ಹೆಸರುಗಳ ರೂಪಾಂತರಗಳು ಅದನ್ನು ಹಿಂಬಾಲಿಸುತ್ತವೆ. ಮೊಮ್ಮಗಳ ಮೊಬೈಲಿನಲ್ಲಿ ಅದನ್ನು ಹಲವು ಸಲ ಕೇಳಿದ್ದೇನೆ. ಕೆಲವೆಡೆ ಮೂಲದ ಹಾಡು ಕೈಗೆ ಸಿಕ್ಕುವುದಿಲ್ಲ. ಕಿವಿಗೊಟ್ಟು ಕುಳಿತರೆ ಎಲ್ಲಿಂದಲೋ ಇಣುಕುತ್ತದೆ. ದ್ರವ್ಯವು ಪರ್ಯಾಯಗಳಲ್ಲಿ ತೋರಿಕೊಳ್ಳುವ ಬಗೆಯನ್ನು ಪುಸ್ತಕದಲ್ಲಿ ಓದಿದವನಿಗೆ ಅದು ಇಲ್ಲಿ ಕಿವಿಗೇ ಕೇಳಿಸಿದಂತಾಯಿತು.

ಆದರೆ ಬದಲಾವಣೆಯೆಲ್ಲವೂ ರೂಪಾಂತರವೆನಿಸಲಾರದು. ಮೂಲದ ಎಳೆ ಕಡಿದರೆ ಉಳಿಯುವುದು ಬೇರೆಯೇ ಹಾಡು. ಈ ವಿವೇಚನೆ ಇಂದು ನಮ್ಮ ಮನೆಗೂ ಬೇಕಾಗಿದೆ. ನನ್ನ ತಂದೆಯವರು ತೆರೆದ ಅಂಗಡಿಯನ್ನು ಮುಂದುವರಿಸಲು ಬೆಂಗಳೂರಿನಲ್ಲಿರುವ ಮಗನಿಗೆ ಮನಸ್ಸಿಲ್ಲ. ಮಾರಿಬಿಡೋಣ ಅಪ್ಪಾಜಿ, ಎನ್ನುತ್ತಾನೆ. ಮನೆತನದ ಮೂಲಸ್ವರ ಯಾವುದು, ಅಂಗಡಿಯೋ, ಅಂಗಡಿಯಲ್ಲಿ ನಡೆದುಬಂದ ನಡತೆಯೋ ಎಂದು ಬಹಳ ದಿನ ಯೋಚಿಸಿದೆ. ಸರಿಯಾದ ತೂಕ, ಆಡಿದ ಮಾತು, ನಂಬಿದವರ ಹಣದ ರಕ್ಷಣೆ, ಇವಿಷ್ಟು ಉಳಿದರೆ ಮಗನ ಉದ್ಯೋಗ ಯಾವುದಾದರೂ ಅದು ನಮ್ಮದೇ ಹಾಡು.

ಮಾರಲು ಒಪ್ಪಿಗೆ ಕೊಟ್ಟಿದ್ದೇನೆ. ಒಂದೇ ನಿಬಂಧನೆ: ಬೆಳೆಗಾರರು ನಂಬಿ ನಮ್ಮಲ್ಲಿರಿಸಿದ ಹಣ ಪೈಸೆಯೂ ಉಳಿಯದಂತೆ ಮೊದಲು ಅವರಿಗೆ ಸಲ್ಲಬೇಕು, ಆ ಲೆಕ್ಕವನ್ನು ಮಗನೇ ಕುಳಿತು, ತನ್ನ ಕೈಯಿಂದಲೇ ತೀರಿಸಬೇಕು.