ಕಣ್ಣಿಗೆ ಕಟ್ಟುವ ಕಂಬಳ

ಒಂದು ಸಂಗತಿಯನ್ನು ಸೊಗಸಾಗಿ ವರ್ಣಿಸಿದವನನ್ನು ಮೆಚ್ಚುವಾಗ, ಅವನು ಅದನ್ನು ಕಣ್ಣಿಗೆ ಕಟ್ಟುವಂತೆ ಹೇಳಿದನೆಂದು ನುಡಿಯುವುದು ಕನ್ನಡಿಗರ ರೂಢಿ. ಹರಿಕಥೆಯ ದಾಸರಿಗೂ ತಾಳಮದ್ದಳೆಯ ಅರ್ಥಧಾರಿಗಳಿಗೂ ಈ ಪ್ರಶಂಸೆಯು ಬಹುಕಾಲದಿಂದ ಸಲ್ಲುತ್ತ ಬಂದಿದೆ. ಈಚೆಗೆ ಈ ಮಾತಿಗೆ ಅಕ್ಷರಶಃ ಅರ್ಥವನ್ನು ಕೊಡುವ ಯಂತ್ರವೊಂದು ಬಳಕೆಗೆ ಬಂದಿರುವುದು. ವರ್ಚುವಲ್ ರಿಯಾಲಿಟಿ ಎಂದು ಲೋಕವು ಅದನ್ನು ಕರೆಯುತ್ತದೆ. ಮಿಥ್ಯಾವಾಸ್ತವವೆಂಬ ಹೆಸರೂ ಕನ್ನಡದಲ್ಲಿ ಅದಕ್ಕೆ ಬಂದಿದೆ. ಜಗತ್ತು ಮಿಥ್ಯೆಯೆಂಬ ವಾದವನ್ನು ಕೇಳಿ ಬೆಳೆದ ಜನರಿಗೆ, ಮಿಥ್ಯೆಯನ್ನೇ ಜಗತ್ತಾಗಿಸುವ ಯಂತ್ರವು ಕುತೂಹಲವನ್ನುಂಟುಮಾಡಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇದರ ಮರ್ಮವು ತೀರ ಹೊಸತೇನೂ ಅಲ್ಲ. ಮನುಷ್ಯನ ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನಗಳಿಂದ ಕಾಣುವುವು. ಆ ಎರಡು ಚಿತ್ರಗಳನ್ನು ಮೆದುಳು ಒಂದುಗೂಡಿಸಿದಾಗ ದೂರ ಸಮೀಪಗಳ ಅರಿವು ಹುಟ್ಟುವುದು. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ನನು ಈ ತತ್ತ್ವವನ್ನು ವಿವರಿಸಿ, ಎರಡು ಚಪ್ಪಟೆ ಚಿತ್ರಗಳಿಂದ ಒಂದು ಘನರೂಪವನ್ನು ತೋರಿಸುವ ಸ್ಟೀರಿಯೋಸ್ಕೋಪನ್ನು ಪ್ರಕಟಪಡಿಸಿದನು. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡನು ತಲೆಗೆ ತೊಡುವ ದರ್ಶನಯಂತ್ರವನ್ನು ರಚಿಸಿದಾಗ, ಅದರ ಭಾರವನ್ನು ತಾಳಲಾರದೆ ಮಾಡಿಗೆ ತೂಗುಹಾಕಬೇಕಾಯಿತು. ಇಂದು ಅದೇ ಯಂತ್ರವು ದಪ್ಪ ಕನ್ನಡಕದಷ್ಟಕ್ಕೆ ಕುಗ್ಗಿದೆ. ತೊಟ್ಟವನು ತಲೆಯನ್ನು ಎತ್ತ ತಿರುಗಿಸಿದರೂ ಚಿತ್ರವೂ ಅತ್ತಲೇ ತಿರುಗಬೇಕು. ಸೆಕೆಂಡಿನ ಐವತ್ತನೆಯ ಒಂದು ಪಾಲಿಗಿಂತ ಹೆಚ್ಚು ತಡವಾದರೆ ಕಣ್ಣು ಹೇಳುವುದೊಂದು, ಕಿವಿಯೊಳಗಿನ ಸಮತೋಲದ ಇಂದ್ರಿಯವು ಹೇಳುವುದೊಂದು ಆಗಿ, ದೋಣಿಯಲ್ಲಿ ಮೊದಲ ಬಾರಿ ಕುಳಿತವನಂತೆ ಹೊಟ್ಟೆ ತೊಳಸುವುದು.

ಆಟೋಟಗಳನ್ನು ತೋರಿಸುವುದಕ್ಕೆ ಇದನ್ನು ಬಳಸುವ ಪ್ರಯತ್ನಗಳು ಆಗಲೇ ನಡೆದಿವೆ. 2015ರ ಅಕ್ಟೋಬರ್ 27ರಂದು ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಪಂದ್ಯವೊಂದನ್ನು, ಅದು ನಡೆಯುತ್ತಿದ್ದ ಹೊತ್ತಿನಲ್ಲಿಯೇ, ಅಂಕಣದ ಅಂಚಿನಲ್ಲಿ ಕುಳಿತಂತೆ ಮನೆಯಲ್ಲಿದ್ದವರು ಕಂಡರು. 2023ರ ಐಪಿಎಲ್ ಕ್ರಿಕೆಟ್ಟಿನಲ್ಲಿ ಸುತ್ತಲೂ ನೋಡಬಹುದಾದ ಚಿತ್ರವನ್ನು ಭಾರತದ ಪ್ರೇಕ್ಷಕರಿಗೆ ಕೊಡಲಾಯಿತು. ಮೊಬೈಲನ್ನು ಒಳಗಿರಿಸಿ ಕಣ್ಣಿಗೆ ಕಟ್ಟಿಕೊಳ್ಳುವ ಅಗ್ಗದ ಕನ್ನಡಕವೂ ಆಗ ಮಾರಾಟಕ್ಕೆ ಬಂದಿತು. ಹಾಗಾದರೆ ಕಂಬಳವೂ ಒಂದು ದಿನ ಹೀಗೆ ಕಣ್ಣಿಗೆ ಕಟ್ಟಲ್ಪಡುವುದೇ? ಕಟ್ಟಲ್ಪಟ್ಟರೆ ಉಳಿಯುವುದೇನು, ಕಳೆಯುವುದೇನು?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಈ ಪ್ರಶ್ನೆಯು ಬರಿಯ ವಿನೋದದ್ದಲ್ಲ. ಇಲ್ಲಿಯ ಮಕ್ಕಳು ತಲೆಮಾರುಗಳಿಂದ ಘಟ್ಟ ಹತ್ತಿ ಬೆಂಗಳೂರಿಗೂ, ಕಡಲ ಕರೆ ಹಿಡಿದು ಮುಂಬಯಿಗೂ ಹೋಗಿ, ಉಪಾಹಾರಗೃಹಗಳಲ್ಲಿ ದುಡಿದು, ಮನೆಗೆ ಹಣವನ್ನು ಕಳುಹಿಸಿದವರು. ಆಮೇಲೆ ಕೊಲ್ಲಿಯ ನಾಡುಗಳಿಗೂ ಹೋದವರು. ಗದ್ದೆ ಊರಿನಲ್ಲಿದೆ, ಮುದುಕರು ಊರಿನಲ್ಲಿದ್ದಾರೆ. ಹಗ್ಗ ಹಿಡಿಯುವ ಪ್ರಾಯದವನು ಊರಿನಲ್ಲಿಲ್ಲ. ಮೊದಲ ಬೆಳೆಯ ಕೊಯ್ಲು ಮುಗಿದು ವಂಡಾರಿನಲ್ಲಿಯೋ ಯಡ್ತಾಡಿಯಲ್ಲಿಯೋ ತಗ್ಗರ್ಸೆಯಲ್ಲಿಯೋ ಕಂಬಳದ ದಿನ ಬಂದಾಗ, ರಜೆ ದೊರೆಯದವನು ಮೊಬೈಲಿನ ಅಂಗೈಯಗಲದ ಕನ್ನಡಿಯಲ್ಲಿ ಅದನ್ನು ನೋಡಿ ತೃಪ್ತಿಪಡುವನು. ಅಂಥವನಿಗೆ ಗದ್ದೆಯಂಚಿನಲ್ಲಿಯೇ ನಿಂತಂತೆ ತೋರಿಸುವ ಯಂತ್ರವೆಂದರೆ ಸಣ್ಣ ಉಪಕಾರವಲ್ಲ. ಕಾಲು ಸೋತು ಹಾಸಿಗೆ ಹಿಡಿದ ಹಿರಿಯನಿಗಂತೂ ಅದು ವರವೇ ಸರಿ. ಯಂತ್ರವನ್ನು ಹಳಿಯಹೊರಡುವವರು ಮೊದಲು ಈ ಇಬ್ಬರ ಮುಖವನ್ನು ನೆನೆಯಬೇಕು.

ನೋಡುವವನಿಗೂ ಗದ್ದೆಗೂ ಇರುವ ನಂಟು ಬದಲಾಗುತ್ತಿರುವುದು ಇದೇ ಮೊದಲಲ್ಲ. ಹಿಂದೆ ಜನರು ಗದ್ದೆಗೆ ಬರುತ್ತಿದ್ದರು. ಈ ಸೀಮೆಯ ಸಾಂಪ್ರದಾಯಿಕ ಕಂಬಳಗಳು ಒಂದೊಂದು ಮನೆತನದ ಗದ್ದೆಯಲ್ಲಿ, ದೈವದ ಅಪ್ಪಣೆ ಬೇಡಿ, ಜಾನುವಾರುಗಳ ಕ್ಷೇಮಕ್ಕಾಗಿ ಹೊತ್ತ ಹರಕೆಯಾಗಿ ನಡೆದುಬಂದವು. ಅಲ್ಲಿ ಗೆಲುವಿಗಿಂತಲೂ ಕೋಣಗಳು ಗದ್ದೆಗಿಳಿಯುವುದೇ ಮುಖ್ಯವಾಗಿತ್ತು. ಆಮೇಲೆ ಜೋಡುಕರೆಯ ಪಂದ್ಯಗಳು ಬಂದವು. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳೂ, ಇರುಳನ್ನು ಹಗಲಾಗಿಸುವ ದೀಪಗಳೂ, ಗುರಿಯನ್ನು ಮುಟ್ಟಿದ ಕ್ಷಣವನ್ನು ಅಳೆಯುವ ಲೇಸರ್ ಕಿರಣವೂ ಬಂದವು. 2023ರ ನವೆಂಬರದಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕೆಸರಿನ ಕರೆಯನ್ನು ನಿರ್ಮಿಸಿ, ಕರಾವಳಿಯಿಂದ ಕೋಣಗಳನ್ನು ಲಾರಿಗಳಲ್ಲಿ ಸಾಗಿಸಿ ಓಡಿಸಿದಾಗ, ಜನರು ಗದ್ದೆಗೆ ಬರುವುದಕ್ಕೆ ಬದಲು ಗದ್ದೆಯೇ ಜನರಿರುವಲ್ಲಿಗೆ ಹೋದಂತಾಯಿತು. ಕಣ್ಣಿಗೆ ಕಟ್ಟುವ ಯಂತ್ರವು ಇದರ ಮುಂದಿನ ಹೆಜ್ಜೆ. ಅದರಲ್ಲಿ ಜನರೂ ಹೋಗುವುದಿಲ್ಲ, ಗದ್ದೆಯೂ ಹೋಗುವುದಿಲ್ಲ. ಬೆಳಕು ಮಾತ್ರ ಹೋಗಿಬರುವುದು.

ಗದ್ದೆಯಿಂದ ಬೇರ್ಪಟ್ಟು ದೂರ ಹೋದ ವಸ್ತುವಿಗೆ ಏನಾಗುವುದೆಂಬುದನ್ನು 2020ರಲ್ಲಿ ನಡೆದ ಒಂದು ಪ್ರಸಂಗವು ತೋರಿಸಿಕೊಟ್ಟಿತು. ಆ ವರ್ಷದ ಫೆಬ್ರವರಿಯಲ್ಲಿ, ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ ಲೆಕ್ಕಹಾಕಿ 9.55 ಸೆಕೆಂಡೆಂದರು, 2009ರಲ್ಲಿ ಉಸೇನ್ ಬೋಲ್ಟನು ಬರ್ಲಿನ್ನಿನಲ್ಲಿ ಸಾಧಿಸಿದ 9.58 ಸೆಕೆಂಡಿನೊಡನೆ ಅದನ್ನು ಹೋಲಿಸಿದರು. ಆ ಅಂಕೆ ದೇಶವಿದೇಶಗಳಿಗೆ ಹಾರಿತು. ಹಾರುವಾಗ ಕೋಣಗಳನ್ನು ಇಲ್ಲಿಯೇ ಬಿಟ್ಟು ಹಾರಿತು. ಓಡುವವನನ್ನು ಎಳೆಯುವ ಎರಡು ಮೃಗಗಳ ಬಲ, ಪಾದವನ್ನು ಹಿಡಿದು ಬಿಡುವ ಕೆಸರು, ಇವು ಯಾವುವೂ ಅಂಕೆಯೊಳಗೆ ಇರಲಿಲ್ಲ. ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಆಹ್ವಾನ ಬಂದಾಗ ಗೌಡರು ಅದಕ್ಕೆ ಒಪ್ಪಲಿಲ್ಲ. ಗದ್ದೆಯ ಓಟವೇ ಬೇರೆ, ಮೈದಾನದ ಓಟವೇ ಬೇರೆ ಎಂಬುದನ್ನು ಓಡುವವನು ಬಲ್ಲಷ್ಟು ನೋಡುವವರು ಬಲ್ಲವರಾಗಿರಲಿಲ್ಲ. ಯಂತ್ರವು ಅಂಕೆಗಿಂತ ಬಹಳ ಹೆಚ್ಚನ್ನು ಹೊತ್ತು ತರುವುದು ನಿಜ. ಆದರೂ ಕೆಸರಿನ ವಾಸನೆ, ಕೋಣದ ಮೈಯ ಶಾಖ, ಮೊಗದ ಮೇಲೆ ಸಿಡಿಯುವ ನೀರು ಇವು ಅದಕ್ಕೆ ಇನ್ನೂ ಒಗ್ಗದವು.

ಇಷ್ಟರಿಂದಲೇ ಗದ್ದೆಯಂಚಿನ ಹಳೆಯ ಕಾಲವೆಲ್ಲ ಚಿನ್ನವೆಂದು ಬಗೆಯಲಾಗದು. ಆ ಅಂಚಿನಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದು ಹುಟ್ಟಿನಿಂದಲೇ ಗೊತ್ತಾಗಿರುತ್ತಿತ್ತು. ಕಂಬಳದ ಹಿಂದಿನ ಇರುಳು ಕೊರಗ ಸಮುದಾಯದವರನ್ನು ಮಂಜಿನಲ್ಲಿ ಕುಳ್ಳಿರಿಸಿ ಡೋಲು ಬಾರಿಸುವಂತೆ ಮಾಡುವುದೂ, ಕೋಣಗಳಿಗಿಂತ ಮುಂಚೆ ಅವರನ್ನು ಗದ್ದೆಯಲ್ಲಿ ಓಡಿಸುವುದೂ ಕರಾವಳಿಯಲ್ಲಿ ನಡೆದುಬಂದ ಸಂಗತಿಗಳು. ಅಜಲು ಎಂಬ ಆ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕವು 2000ದಲ್ಲಿ ಒಂದು ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತು. ಯಂತ್ರದೊಳಗಿನ ಪೀಠಕ್ಕೆ ಈ ಮೇಲುಕೀಳುಗಳ ಲೆಕ್ಕವಿಲ್ಲ. ಧನಿಯು ನಿಲ್ಲುತ್ತಿದ್ದ ಸ್ಥಳದಲ್ಲಿಯೇ ಕ್ಯಾಮರಾ ನಿಂತರೆ, ಅದನ್ನು ತೊಟ್ಟವರೆಲ್ಲರೂ ಧನಿಯ ಕಣ್ಣಿನಿಂದಲೇ ನೋಡುವರು. ಈ ಸಮತೆಯು ಸುಲಭವಾದುದು. ಸುಲಭವಾದುದರಿಂದಲೇ ಸ್ವಲ್ಪ ಹಗುರವಾದುದು. ನೋಟದಲ್ಲಿ ಸಮಾನರಾದವರು ನೆಲದಲ್ಲಿ ಸಮಾನರಾದರೇ ಎಂಬ ಪ್ರಶ್ನೆಗೆ ಯಂತ್ರವು ಉತ್ತರ ಕೊಡಲಾರದು. ಅದನ್ನು ಗದ್ದೆಯವರೇ ಕೊಡಬೇಕು.

ಇನ್ನೊಂದು ವಿಷಯವಿದೆ. ಹತ್ತಿರವೆಂಬುದು ಎರಡು ಮೊನೆಗಳ ಆಯುಧ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನ ವಿಚಾರದಲ್ಲಿ ಕೊಟ್ಟ ತೀರ್ಪಿನ ಪರಿಣಾಮವಾಗಿ ಕಂಬಳಕ್ಕೂ ತಡೆಯುಂಟಾಯಿತು. ರಾಜ್ಯವು 2017ರಲ್ಲಿ ಕಾನೂನನ್ನು ತಿದ್ದಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೋಣಕ್ಕೆ ಅನಾವಶ್ಯಕವಾಗಿ ನೋವನ್ನುಂಟುಮಾಡಬಾರದೆಂಬ ನಿಬಂಧನೆಯು ಇದರೊಡನೆಯೇ ಬಂದಿದೆ. ದೂರದಿಂದ ನೋಡುವವನಿಗೆ ಎತ್ತಿದ ಕೈಯೂ ಹಾರಿದ ನೀರೂ ಒಂದೇ ಚೆಲುವಾಗಿ ತೋರುವುವು; ಪೆಟ್ಟು ಬಿದ್ದಿತೋ ಇಲ್ಲವೋ ತಿಳಿಯದು. ಕೋಣದ ಕಣ್ಣಿನ ಎತ್ತರದಲ್ಲಿ ನಿಲ್ಲಿಸಿದ ಕ್ಯಾಮರಾಕ್ಕೆ ಅದು ತಿಳಿಯುವುದು. ಸಾವಿರಾರು ಜನರನ್ನು ಅಷ್ಟು ಹತ್ತಿರಕ್ಕೆ ಕರೆದೊಯ್ಯುವ ಯಂತ್ರವು ಅಭಿಮಾನಿಗೆ ಆನಂದವನ್ನು ಕೊಡುವಂತೆಯೇ ಸಾಕ್ಷಿಯ ಕೆಲಸವನ್ನೂ ಮಾಡುವುದು. ಕೋಣಗಳನ್ನು ಮಕ್ಕಳಂತೆ ಸಾಕಿ, ಎಣ್ಣೆ ತಿಕ್ಕಿ, ಹುರುಳಿ ಬೇಯಿಸಿ ಹಾಕುವ ಯಜಮಾನರಿಗೆ ಇದರಿಂದ ಭಯವೇನೂ ಇರಲಾರದು. ಅವರ ಪ್ರೀತಿಯೂ ಆ ಕಣ್ಣಿಗೆ ಬೀಳುವುದಷ್ಟೆ.

ಆದರೆ ಪ್ರೇಕ್ಷಕನಿಂದ ಪಂದ್ಯಕ್ಕೆ ಸಲ್ಲಬೇಕಾದುದೊಂದು ಇದೆ. ಯಂತ್ರವು ಅದನ್ನು ಸಲ್ಲಿಸುವುದಿಲ್ಲ. 2020ರ ಮಹಾಮಾರಿಯ ಕಾಲದಲ್ಲಿ ಐಪಿಎಲ್ ಪಂದ್ಯಗಳು ಅರಬ್ ಸಂಯುಕ್ತ ಸಂಸ್ಥಾನಗಳ ಬರಿದಾದ ಮೈದಾನಗಳಲ್ಲಿ ನಡೆದುವು. ಇಂಗ್ಲೆಂಡಿನ ಫುಟ್‌ಬಾಲ್ ಪ್ರಸಾರಗಳಿಗೆ ಮೊದಲೇ ಮುದ್ರಿಸಿಟ್ಟ ಜನರ ಕೂಗನ್ನು ಬೆರೆಸಬೇಕಾಯಿತು. ನೋಡುವವರು ಲಕ್ಷಾಂತರವಿದ್ದರೂ ಆಡುವವರ ಎದುರು ಯಾರೂ ಇರಲಿಲ್ಲ. ಗದ್ದೆಯಂಚಿನಲ್ಲಿ ನಿಂತವನು ನೋಡುತ್ತಾನೆ, ಹಾಗೆಯೇ ನೋಡಲ್ಪಡುತ್ತಾನೆ. ಮಂಜೊಟ್ಟಿಯ ಕಡೆಗೆ ಓಡಿಬರುವವನಿಗೆ ಅಲ್ಲಿ ನಿಂತಿರುವುದು ತನ್ನ ಮಾವನೋ, ನೆರೆಮನೆಯವನೋ, ಕಳೆದ ವರ್ಷ ಮುನಿಸಿಕೊಂಡು ಹೋದ ದಾಯಾದಿಯೋ ಎಂಬುದು ತಿಳಿಯುತ್ತದೆ. ಆ ದಾಯಾದಿಯು ಅಂದು ಬಂದು ನಿಂತದ್ದೇ ಒಂದು ಮಾತು; ಚರುಮುರಿಯ ಅಂಗಡಿಯ ಮುಂದೆ ಮುಂದಿನ ಮಾತು ಹುಟ್ಟುವುದು. ಕಣ್ಣಿಗೆ ಯಂತ್ರವನ್ನು ಕಟ್ಟಿಕೊಂಡವನು ಎಲ್ಲರನ್ನೂ ಕಾಣುವನು, ಅವನನ್ನು ಮಾತ್ರ ಯಾರೂ ಕಾಣರು. ಹೀಗೆ ಕಾಣದೆ ಕಾಣುವವರು ಹೆಚ್ಚಿದಂತೆ, ಗದ್ದೆಗೆ ಜನರನ್ನು ಕರೆಯುವ ಮನೆತನಕ್ಕೆ ಅದನ್ನು ನಡೆಸುವ ಉತ್ಸಾಹವೂ ಕುಗ್ಗಬಹುದು.

ಆದುದರಿಂದ ಯಂತ್ರವನ್ನು ಬೇಡವೆನ್ನುವುದೂ ವಿವೇಕವಲ್ಲ, ಅದನ್ನೇ ಗದ್ದೆಯೆಂದು ನಂಬುವುದೂ ವಿವೇಕವಲ್ಲ. ಊರಿನ ವಾಚನಾಲಯದಲ್ಲಿ ಅಂಥದೊಂದನ್ನಿರಿಸಿ, ನಡೆಯಲಾರದ ಹಿರಿಯರಿಗೆ ತೋರಿಸಬಹುದು. ಅವರ ಸುತ್ತ ನಾಲ್ವರು ಕುಳಿತರೆ, ಅವರು ಕಂಡದ್ದನ್ನು ಅವರ ಬಾಯಿಂದಲೇ ಕೇಳಬಹುದು. ಪರವೂರಿನಲ್ಲಿರುವವನು ಒಂದು ವರ್ಷ ಅದರಲ್ಲಿ ನೋಡಿ, ಮರುವರ್ಷ ರಜೆ ಕೇಳುವಷ್ಟು ಆಸೆ ಹುಟ್ಟಿದರೆ ಅದೂ ಲಾಭವೇ. ಆದರೆ ಅವನು ತಿಳಿದಿರಬೇಕಾದುದು ಒಂದುಂಟು. ಕಂಬಳದ ಗದ್ದೆಯು ಓಟಕ್ಕಾಗಿಯೇ ಹುಟ್ಟಿದ ಗದ್ದೆಯಲ್ಲ. ಸಾಂಪ್ರದಾಯಿಕ ಕಂಬಳದಲ್ಲಿ ಕೋಣಗಳ ತುಳಿತದಿಂದ ಹದಗೊಂಡ ಕೆಸರಿನಲ್ಲಿ ಮುಂದಿನ ಬೆಳೆಯ ನೇಜಿಯನ್ನು ನೆಡಬೇಕಾಗಿರುವುದು. ಕ್ಯಾಮರಾದವರು ತಮ್ಮ ಸಲಕರಣೆಗಳನ್ನು ಪೆಟ್ಟಿಗೆಯೊಳಗಿಟ್ಟು ಹೊರಟ ಮೇಲೆ, ಜಾತ್ರೆಯ ಗದ್ದಲವೆಲ್ಲ ಅಡಗಿದ ಮೇಲೆ, ಬಾಗಿದ ಬೆನ್ನುಗಳ ಸಾಲೊಂದು ಅಲ್ಲಿಗೆ ಇಳಿಯುವುದು. ಅದನ್ನು ತೋರಿಸುವಂತೆ ಯಾರೂ ಕೇಳಿಲ್ಲ; ಅಲ್ಲಿ ಕೈಗಳು ಬೇಕಾಗಿವೆ.