ಕಿಟಕಿಯ ಸೀಟು: ಎಡವೋ ಬಲವೋ?

ಗಲ್ಫಿನಲ್ಲಿರುವ ಗಂಡನ ಬಳಿಗೆ ಮಕ್ಕಳೊಂದಿಗೆ ಮೊದಲ ಸಲ ಹೊರಟ ಹೆಣ್ಣುಮಗಳ ಮನೆಯ ಗಡಿಬಿಡಿ ನಿಮಗೆ ಗೊತ್ತೇ ಇದೆ. ಪಾಸ್‌ಪೋರ್ಟ್, ವಿಸಾ, ಲಗೇಜಿನ ತೂಕ, ಉಪ್ಪಿನಕಾಯಿಯ ಡಬ್ಬಿ, ಎಲ್ಲವನ್ನೂ ನೋಡಿಕೊಳ್ಳಲು ಜನರಿದ್ದಾರೆ. ಸೀಟಿನ ಬಗ್ಗೆ ಮಾತ್ರ ಯಾರೂ ಯೋಚಿಸುವುದಿಲ್ಲ. ಗಂಡ ಎಷ್ಟೋ ಸಲ ದಾಟಿದ ಕಡಲನ್ನು ಆಕೆಯೂ ಕೊನೆಗೆ ದಾಟುತ್ತಾಳೆ, ಆದರೆ ಮಗುವನ್ನು ಮಡಿಲಲ್ಲಿಟ್ಟುಕೊಂಡು, ನಡುವಿನ ಸೀಟಿನಲ್ಲಿ, ಮುಂದಿನವರ ಸೀಟಿನ ಬೆನ್ನು ನೋಡುತ್ತಾ. ಬೇಕಾದ ಸೀಟಿಗೆ ಹೆಚ್ಚುವರಿ ಹಣ ಕೇಳುವುದುಂಟು, ನಿಜ. ಹಗಲಿನ ಪ್ರಯಾಣವಾದರೆ ಅದನ್ನು ದುಂದುವೆಚ್ಚವೆಂದು ನಾನು ಹೇಳಲಾರೆ.

ಮಂಗಳೂರು–ದುಬೈ ದಾರಿಯನ್ನೇ ತೆಗೆದುಕೊಳ್ಳಿ. ಈ ವಿಮಾನಗಳಲ್ಲಿ ಸಾಮಾನ್ಯವಾಗಿ ನಡುದಾರಿಯ ಎರಡೂ ಬದಿಗೆ ಮೂರು ಮೂರು ಸೀಟು. ‘ಎ’ ಎಂದರೆ ಎಡಗಿಟಕಿ, ‘ಎಫ್’ ಬಲಗಿಟಕಿ. ನಡುಭಾಗದ ಸಾಲುಗಳಲ್ಲಿ ಕುಳಿತರೆ ಕೆಳಗೆ ಕಾಣುವುದು ರೆಕ್ಕೆ ಮಾತ್ರ. ರೆಕ್ಕೆಯ ಹಿಂದೆ ಎಂಜಿನಿನ ಬಿಸಿಗಾಳಿಯಿಂದ ನೋಟ ಕದಡುತ್ತದೆ. ಹಾಗಾಗಿ ಮುಂದಿನ ಏಳೆಂಟು ಸಾಲು ಉತ್ತಮ, ಅದು ಸಿಗದಿದ್ದರೆ ತೀರಾ ಹಿಂದಿನದು. ಬೋಯಿಂಗ್ 737ರಲ್ಲಿ ಹತ್ತನೆಯ ಸಾಲಿನ ಆಸುಪಾಸು ಒಂದು ಕಡೆ ಕಿಟಕಿಯೇ ಇರುವುದಿಲ್ಲ. ಆ ಗೋಡೆಯೊಳಗೆ ಹವಾನಿಯಂತ್ರಣದ ಕೊಳವೆ ಹೋಗಿರುತ್ತದೆ. ಹಣ ಕೊಟ್ಟು ಬರಿಯ ಗೋಡೆ ನೋಡಬಾರದಲ್ಲ!

ನನ್ನನ್ನು ಕೇಳಿದರೆ ಎಡಬದಿ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ. ಚಕ್ರಗಳು ನೆಲ ಬಿಡುತ್ತಿದ್ದಂತೆ ಕೆಳಗೆ ಕಣಿವೆ, ತೆಂಗು, ಕಂಗು, ಹೆಂಚಿನ ಮಾಡುಗಳು. ಕಡಲಿನತ್ತ ಏರಿದರೆ ಎಡಕ್ಕೆ ಬಳುಕುವ ಫಲ್ಗುಣಿ, ಅದರಾಚೆ ಮಂಗಳೂರು ಪೇಟೆ, ಇನ್ನೂ ದೂರದಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಕಡಲು ಸೇರುವ ಅಳಿವೆ. ತಾನು ಹುಟ್ಟಿ ಬೆಳೆದ ಊರು ಇಷ್ಟೇ ಇಷ್ಟು ಎಂದು ಆಕೆಗೆ ಕಾಣುವುದು ಆ ಎರಡು ನಿಮಿಷ ಮಾತ್ರ. ಗಾಳಿ ಬೇರೆ ದಿಕ್ಕಿನದಾಗಿ ವಿಮಾನ ಪೂರ್ವಕ್ಕೆ ಏರಿದರೆ ಈ ಲೆಕ್ಕ ನಡೆಯದು.

ಆಮೇಲೆ ಗಂಟೆಗಟ್ಟಲೆ ಬರೀ ನೀರು. ನಿದ್ದೆ ಮಾಡಬಹುದು. ಆದರೆ ಒಮಾನಿನ ಕರೆ ಬರುವಾಗ ಎಚ್ಚರವಿರಬೇಕು. ಬಹುತೇಕ ಅಲ್ಲಿ ಹಜರ್ ಪರ್ವತಗಳು ಎದುರಾಗುತ್ತವೆ. ಹಸಿರಿನ ಹೆಸರಿಲ್ಲದ ಕಂದುಬಣ್ಣದ ಬಂಡೆಸಾಲು, ಅದರ ಅತಿ ಎತ್ತರದ ಜಬಲ್ ಶಮ್ಸ್ ಸುಮಾರು 3,000 ಮೀಟರ್. ಮಳೆನಾಡಿನಿಂದ ಹೋದವರಿಗೆ ಅದು ಬೇರೆಯೇ ಲೋಕ.

ಬಿಸಿಲಿನ ಮಾತೂ ಇದೆ. ವಿಮಾನ ವಾಯವ್ಯಕ್ಕೆ ಹೋಗುವುದರಿಂದ ಬೆಳಿಗ್ಗೆ ಸೂರ್ಯ ಬೆನ್ನ ಹಿಂದಿರುತ್ತಾನೆ, ತೊಂದರೆಯಿಲ್ಲ. ಮಧ್ಯಾಹ್ನದ ನಂತರ ಎಡಗಿಟಕಿಗೆ ನೇರ ಬಿಸಿಲು, ಮಗು ಅಳುತ್ತದೆ. ಆಗ ಬಲಬದಿ ಹಿತ. ಸಂಜೆಯಾದರೆ ಮತ್ತೆ ಎಡವೇ. ಪಡುವಣಕ್ಕೆ ಓಡುವ ವಿಮಾನ ಸೂರ್ಯನ ಬೆನ್ನು ಹತ್ತಿದಂತಿರುವುದರಿಂದ ಮುಸ್ಸಂಜೆ ತುಂಬಾ ಹೊತ್ತು ಉಳಿಯುತ್ತದೆ. ರಮಝಾನಿನಲ್ಲಿ ಉಪವಾಸವಿದ್ದು ಪ್ರಯಾಣಿಸುವವರು ಇದನ್ನು ಗಮನಿಸಬೇಕು. ಕೆಳಗಿನ ಊರಿನಲ್ಲಿ ಬಾಂಗ್ ಆಗಿದ್ದರೂ ಮೇಲೆ ಸೂರ್ಯ ಕಾಣುತ್ತಲೇ ಇರಬಹುದು. ವಿಮಾನದಲ್ಲಿರುವವರಿಗೆ ತಮ್ಮ ಕಣ್ಣಮುಂದೆ ಸೂರ್ಯ ಮುಳುಗುವುದೇ ಲೆಕ್ಕವೆಂದು ವಿದ್ವಾಂಸರು ಹೇಳಿದ್ದಾರೆ. ಇಡೀ ಸಾಲಿನವರು ಖರ್ಜೂರ ಹಿಡಿದು ಕಿಟಕಿ ಬದಿಯವರ ಮುಖ ನೋಡುವ ಗಳಿಗೆ ಅದು.

ರಾತ್ರಿಯ ವಿಮಾನಕ್ಕೆ ಹಣ ಸುರಿಯಬೇಡಿ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಕಳೆದ ಮೇಲಾದರೆ ಕಡಲಲ್ಲಿ ಬೋಟುಗಳ ದೀಪ ಕಂಡೀತು, ಅಷ್ಟೇ.

ಇನ್ನು ಎಲ್ಲರೂ ಕೇಳುವ ಬುರ್ಜ್ ಖಲೀಫಾ. 828 ಮೀಟರ್ ಎತ್ತರದ ಆ ಕಟ್ಟಡ ದುಬೈ ವಿಮಾನ ನಿಲ್ದಾಣದ ನೈರುತ್ಯಕ್ಕಿದೆ. ಮರುಭೂಮಿಯ ಕಡೆಯಿಂದ ಇಳಿದರೆ ಎಡಕ್ಕೆ, ಕಡಲ ಕಡೆಯಿಂದ ಇಳಿದರೆ ಬಲಕ್ಕೆ. ಅದನ್ನು ತೀರ್ಮಾನಿಸುವುದು ಆ ಹೊತ್ತಿನ ಗಾಳಿ. ವಿಮಾನ ಗಾಳಿಗೆ ಎದುರಾಗಿಯೇ ಇಳಿಯಬೇಕು. ಅಷ್ಟು ಹೊತ್ತಿಗೆ ಮಕ್ಕಳು ಹೇಗೂ ನಿದ್ದೆಹೋಗಿರುತ್ತಾರೆ. ಇಳಿಯುವ ಮುನ್ನ ಬೆಲ್ಟಿನ ದೀಪ ಹೊತ್ತುವುದರೊಳಗೆ ಮಗುವನ್ನು ನಡುವಿಗೆ ಸರಿಸಿ, ತಾಯಿಯನ್ನು ಕಿಟಕಿಯ ಬದಿಗೆ ಕೂರಲು ಹೇಳಿ.