ಮೃಚ್ಛಕಟಿಕದಲ್ಲಿ ಒಂದು ನ್ಯಾಸ

ಬ್ಯಾಂಕುಗಳೂ ಅವುಗಳ ಕಬ್ಬಿಣದ ಪೆಟ್ಟಿಗೆಗಳೂ ಹಳ್ಳಿಗಳ ಸಮೀಪಕ್ಕೆ ಬರುವುದಕ್ಕೆ ಮುಂಚೆ, ಕಾಶೀಯಾತ್ರೆಗೆ ಹೊರಟ ಗೃಹಸ್ಥನು ಮನೆಯ ಒಡವೆಗಳನ್ನು ವಸ್ತ್ರದಲ್ಲಿ ಗಂಟುಕಟ್ಟಿ ನೆರೆಯವನೊಬ್ಬನ ಕೈಗೆ ಕೊಟ್ಟು ಹೋಗುತ್ತಿದ್ದುದುಂಟು. ಕಾಗದವಿಲ್ಲ, ಸಾಕ್ಷಿಯಿಲ್ಲ, ಇಟ್ಟವನ ನಂಬುಗೆಯೊಂದು, ಇಟ್ಟುಕೊಂಡವನ ಮರ್ಯಾದೆಯೊಂದು. ಈ ಪದ್ಧತಿಯು ಬಹು ಪ್ರಾಚೀನವಾದದ್ದು. ಅದರಿಂದುಂಟಾಗುವ ಜಗಳಗಳೂ ಅಷ್ಟೇ ಪ್ರಾಚೀನವಾದವು. ಮನುಸ್ಮೃತಿಯು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಸಾಲದ ವಿಚಾರವು ಮೊದಲನೆಯದಾದರೆ ನಿಕ್ಷೇಪದ ವಿಚಾರವು ಎರಡನೆಯದಾಗಿರುವುದು. ಮನುಷ್ಯನು ಎಂಥವನೆಂಬುದು ಅವನ ಸ್ವಂತ ಸೊತ್ತಿನ ವಿಷಯದಲ್ಲಿ ತಿಳಿಯುವುದಕ್ಕಿಂತ, ಪರರದು ಅವನ ಕೈಯಲ್ಲಿರುವಾಗ ಚೆನ್ನಾಗಿ ತಿಳಿಯುತ್ತದೆ.

ಇಂಥ ನ್ಯಾಸವೊಂದನ್ನೇ ಬೀಜವಾಗಿಟ್ಟುಕೊಂಡು ಬೆಳೆದುದು ಶೂದ್ರಕನ ಮೃಚ್ಛಕಟಿಕವೆಂಬ ಹತ್ತು ಅಂಕಗಳ ಪ್ರಕರಣ. ಪ್ರಕರಣವಾದುದರಿಂದ ಅದರ ಕಥೆಯು ಇತಿಹಾಸ ಪುರಾಣಗಳಿಂದ ತಂದುದಲ್ಲ, ಕವಿಯೇ ಕಲ್ಪಿಸಿದ್ದು. ಅಲ್ಲಿ ರಾಜರ್ಷಿಗಳಿಲ್ಲ, ಅಪ್ಸರೆಯರಿಲ್ಲ. ಉಜ್ಜಯಿನಿಯ ಬೀದಿಯಲ್ಲಿ ಓಡಾಡುವ ವರ್ತಕ, ವೇಶ್ಯೆ, ಜೂಜುಗಾರ, ಕಳ್ಳ, ಬಂಡಿ ಹೊಡೆಯುವ ಆಳು, ಕಾವಲುಗಾರ, ಚಂಡಾಲ, ಇವರೇ ಪಾತ್ರಗಳು. ವಸಂತಸೇನೆಯ ಚಿನ್ನದ ಒಡವೆಗಳ ಭಾಂಡವೊಂದು ಇವರ ನಡುವೆ ಕೈಯಿಂದ ಕೈಗೆ ಸಾಗುತ್ತದೆ. ಚಿನ್ನವು ಅದೇ ಚಿನ್ನ. ಹಿಡಿದ ಕೈಗೆ ತಕ್ಕಂತೆ ಅದರ ಅರ್ಥವು ಮಾತ್ರ ಬೇರೆಯಾಗುತ್ತ ಹೋಗುತ್ತದೆ.

ಮೊದಲನೆಯ ಕೈ ಚಾರುದತ್ತನದು. ಹುಟ್ಟಿನಿಂದ ಬ್ರಾಹ್ಮಣ, ವೃತ್ತಿಯಿಂದ ಸಾರ್ಥವಾಹ. ಕೊಟ್ಟು ಕೊಟ್ಟು ಬಡವನಾದವನು. ಹಣ ಹೋಯಿತೆಂದು ಅವನಿಗೆ ವ್ಯಥೆಯಿಲ್ಲ. ಹಣ ಹೋದ ಮನೆಯನ್ನು ಅತಿಥಿಗಳು ಬಳಸಿಕೊಂಡು ಹೋಗುತ್ತಾರೆ, ಸ್ನೇಹಿತರ ಸ್ನೇಹವು ಸಡಿಲುತ್ತದೆ ಎಂಬುದೇ ವ್ಯಥೆ. ಮರಣ ದಾರಿದ್ರ್ಯಗಳೆರಡರಲ್ಲಿ ಯಾವುದು ಬೇಕೆಂದರೆ ಮರಣವೇ ಬೇಕೆನ್ನುತ್ತಾನೆ. ಅದರ ನೋವು ಅಲ್ಪಕಾಲದ್ದು, ಇದರದು ಮುಗಿಯದ್ದು. ಎರಡನೆಯ ಅಂಕದಲ್ಲಿ ವಸಂತಸೇನೆಯ ಆಳು ಕರ್ಣಪೂರಕನು ಮದಿಸಿದ ಆನೆಯ ಬಾಯಿಂದ ಸನ್ಯಾಸಿಯೊಬ್ಬನನ್ನು ಉಳಿಸುತ್ತಾನೆ. ನೋಡುತ್ತಿದ್ದ ಚಾರುದತ್ತನು ಬಹುಮಾನ ಕೊಡಲೆಂದು ಆಭರಣಗಳಿರಬೇಕಾದ ಸ್ಥಾನಗಳನ್ನು ಕೈಯಿಂದ ಮುಟ್ಟಿ ನೋಡಿಕೊಂಡು, ಅವು ಬರಿದಾಗಿರಲು ಮೇಲೆ ನೋಡಿ ನಿಟ್ಟುಸಿರಿಟ್ಟು, ಹೊದೆದ ಉತ್ತರೀಯವನ್ನೇ ಎಸೆಯುತ್ತಾನೆ. ಕೊಡುವ ಅಭ್ಯಾಸವು ಕೈಗೆ ಅಂಟಿದೆ. ಕೊಡಲು ಏನೂ ಇಲ್ಲವೆಂಬುದು ಕೈಗೆ ಇನ್ನೂ ತಿಳಿದಿಲ್ಲ.

ಎರಡನೆಯ ಕೈ ವಿದೂಷಕನಾದ ಮೈತ್ರೇಯನದು. ರಾತ್ರಿಯ ಹೊತ್ತು ಭಾಂಡವನ್ನು ಕಾಯುವ ಕೆಲಸ ಇವನಿಗೆ ಬಂದಿತು. ಪೂಜಿಸಿದರೂ ಒಲಿಯದ ದೇವತೆಗಳಿಗೆ ಬಲಿಯನ್ನೇಕೆ ಇಡಬೇಕು ಎಂದು ಕೇಳುವವನು ಇವನು. ಹಗಲೆಲ್ಲ ಅಲ್ಲಿ ಇಲ್ಲಿ ಉಂಡು, ರಾತ್ರಿ ಮಲಗುವುದಕ್ಕೆ ಮನೆಯ ಪಾರಿವಾಳದಂತೆ ಚಾರುದತ್ತನಲ್ಲಿಗೇ ಬರುತ್ತಾನೆ. ಇವನ ಬಾಯಿ ಒರಟು, ಲೆಕ್ಕ ನೇರ. ಬೇರೆ ಸ್ನೇಹಿತರು ಹೋದರು, ಇವನು ಉಳಿದನು. ಸ್ನೇಹದ ವಿಷಯದಲ್ಲಿ ಮಾತ್ರ ಇವನು ಲೆಕ್ಕವಿಟ್ಟವನಲ್ಲ.

ಮೂರನೆಯ ಕೈ ಶರ್ವಿಲಕನದು. ಶಾಸ್ತ್ರವನ್ನೋದಿದವರು ಈ ಪಾತ್ರವನ್ನು ಕುರಿತು ತುಸು ಎಚ್ಚರದಿಂದ ಯೋಚಿಸುವುದು ಒಳ್ಳೆಯದು. ನಾಲ್ಕು ವೇದಗಳನ್ನು ಬಲ್ಲ, ಯಾರಿಂದಲೂ ದಾನ ಹಿಡಿಯದ ತಂದೆಯ ಮಗನಿವನು. ಮದನಿಕೆಯೆಂಬ ದಾಸಿಯನ್ನು ಬಿಡಿಸಿಕೊಳ್ಳಲು ಹಣ ಬೇಕಾಗಿ ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಕನ್ನಗಳ ಆಕೃತಿಗಳನ್ನು ಹೆಸರುಗೊಂಡು ಎಣಿಸಿ, ಸುಟ್ಟ ಇಟ್ಟಿಗೆಯ ಗೋಡೆಗೆ ಪೂರ್ಣಕುಂಭದ ಆಕೃತಿಯೇ ಒಪ್ಪುವುದೆಂದು ನಿಶ್ಚಯಿಸುತ್ತಾನೆ. ಅಳತೆಯ ದಾರವನ್ನು ಮರೆತು ಬಂದಿರಲು ಯಜ್ಞೋಪವೀತವನ್ನೇ ಅಳತೆಗೆ ಹಿಡಿಯುತ್ತಾನೆ. ಇದು ನಿಂದ್ಯವೆಂದು ಬಲ್ಲನು. ಆದರೂ ಪರರ ಮುಂದೆ ಕೈಮುಗಿದು ಸೇವಿಸುವುದಕ್ಕಿಂತ ಸ್ವತಂತ್ರವಾದ ಅಪಕೀರ್ತಿಯು ಮೇಲೆಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಅಶ್ವತ್ಥಾಮನು ಹಿಂದೆ ಇದೇ ದಾರಿಯನ್ನು ಹಿಡಿದನೆಂದು ಪೂರ್ವೋದಾಹರಣೆಯನ್ನೂ ತರುತ್ತಾನೆ. ಓದಿದವನಿಗೆ ಆಧಾರವಚನಕ್ಕೆ ಎಂದೂ ಬರಗಾಲವಿಲ್ಲ. ಪ್ರೇಕ್ಷಕರು ಇಲ್ಲಿ ನಗುತ್ತಾರೆ. ನಕ್ಕ ಮೇಲೆ ತಮ್ಮ ತಮ್ಮ ಜನಿವಾರವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಬೇಕಾಗುತ್ತದೆ.

ಕಳವು ನಡೆದ ಮೇಲೆ ಚಾರುದತ್ತನು ಕನ್ನದ ಸೊಗಸನ್ನು ಹೊಗಳುತ್ತಾನೆ. ಅಷ್ಟು ಶ್ರಮಪಟ್ಟ ಕಳ್ಳನು ಬರಿಗೈಯಲ್ಲಿ ಹೋಗಲಿಲ್ಲವೆಂದು ಸಂತೋಷಿಸುತ್ತಾನೆ. ಹೋದುದು ನ್ಯಾಸವೆಂಬ ನೆನಪು ಬಂದೊಡನೆ ಮೂರ್ಛೆ ಹೋಗುತ್ತಾನೆ. ನಡೆದುದನ್ನು ನಡೆದಂತೆ ಹೇಳಿದರೆ ಯಾರು ನಂಬುವರು? ಲೋಕವು ಬಡವನನ್ನು ತೂಕಮಾಡಿ ನೋಡುತ್ತದೆ. ಒಳಮನೆಯಲ್ಲಿದ್ದ ಹೆಂಡತಿ ಧೂತೆಯು ಈ ಸುದ್ದಿಯನ್ನು ಕೇಳಿ, ಗಂಡನ ದೇಹಕ್ಕೆ ಗಾಯವಾಗಿದ್ದರೂ ಸಹಿಸಬಹುದಾಗಿತ್ತು, ಶೀಲಕ್ಕೆ ಆಗಬಾರದಿತ್ತು ಎಂದು ಮರುಗುತ್ತಾಳೆ. ತವರಿನಿಂದ ಬಂದು ಉಳಿದಿದ್ದ ಒಂದೇ ಒಂದು ರತ್ನಾವಳಿಯನ್ನು ತೆಗೆಯುತ್ತಾಳೆ. ನೇರವಾಗಿ ಕೊಟ್ಟರೆ ಗಂಡನು ತೆಗೆದುಕೊಳ್ಳಲಾರನೆಂದು, ವ್ರತದ ದಾನವೆಂಬ ನೆಪದಿಂದ ಮೈತ್ರೇಯನ ಕೈಯಲ್ಲಿಡುತ್ತಾಳೆ.

ಇಲ್ಲಿ ಕವಿಯು ತನ್ನ ನಾಯಕನನ್ನೂ ಬಿಡುವುದಿಲ್ಲ. ಹೆಂಗಸಿನ ಹಣದಿಂದ ಉದ್ಧಾರವಾಗಬೇಕಾಯಿತಲ್ಲಾ ಎಂದು ಚಾರುದತ್ತನು ಮೊದಲು ನೊಂದುಕೊಳ್ಳುತ್ತಾನೆ. ಬಳಿಕ ತಾನು ಬಡವನಲ್ಲವೆಂದು ಹೇಳಿಕೊಳ್ಳುತ್ತಾನೆ: ಸ್ಥಿತಿಗೆ ತಕ್ಕಂತೆ ನಡೆಯುವ ಹೆಂಡತಿಯಿದ್ದಾಳೆ, ಸುಖದುಃಖಗಳೆರಡಕ್ಕೂ ಆಗುವ ಗೆಳೆಯನಿದ್ದಾನೆ, ಸತ್ಯವು ಕೈಬಿಟ್ಟಿಲ್ಲ. ಈ ಮಾತು ಮುಗಿಯುವಷ್ಟರಲ್ಲೇ, ಭಾಂಡವನ್ನು ತನ್ನದೆಂದೇ ಬಗೆದು ಜೂಜಿನಲ್ಲಿ ಸೋತೆನೆಂದು ವಸಂತಸೇನೆಗೆ ತಿಳಿಸಿ, ಅದಕ್ಕೆ ಬದಲಾಗಿ ರತ್ನಾವಳಿಯನ್ನು ಕೊಟ್ಟು ಬಾ ಎಂದು ಮೈತ್ರೇಯನನ್ನು ಅಟ್ಟುತ್ತಾನೆ. ಸತ್ಯವು ಉಳಿಯಿತೆಂದವನೇ ಸುಳ್ಳನ್ನು ಕಳುಹಿಸುತ್ತಾನೆ. ಉಣ್ಣದ ಕುಡಿಯದ ಒಂದು ಒಡವೆಗೆ, ಅದೂ ಕಳ್ಳರು ಒಯ್ದುದಕ್ಕೆ, ಇಷ್ಟು ಬೆಲೆಯ ಹಾರವೇಕೆ ಎಂಬ ಮೈತ್ರೇಯನ ಆಕ್ಷೇಪಕ್ಕೆ ಚಾರುದತ್ತನ ಉತ್ತರವು ದೊಡ್ಡದು: ಇದು ಒಡವೆಯ ಬೆಲೆಯಲ್ಲ, ತನ್ನಲ್ಲಿ ಇಟ್ಟ ನಂಬುಗೆಯ ಬೆಲೆ. ಉತ್ತರವು ನಿಜವೇ. ಆದರೆ ಬೆಲೆಯನ್ನು ತೆತ್ತವಳು ಧೂತೆ. ಒಬ್ಬನ ಔದಾರ್ಯದ ಹಿಂದೆ ಇನ್ನೊಬ್ಬಳ ಬರಿದಾದ ಕೊರಳಿರುವುದು ಉಜ್ಜಯಿನಿಯೊಂದರಲ್ಲೇ ನಡೆದುದಲ್ಲ. ದಾನಶೂರರೆಂದು ಹೆಸರಾದವರ ಮನೆಯ ಹೆಂಗಸರನ್ನು ಕೇಳಿದರೆ ಆ ಹೆಸರಿನ ಲೆಕ್ಕವು ಬೇರೆಯಾಗಿ ಕಾಣಬಹುದು.

ಈ ಲೆಕ್ಕವನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳುವವನು ಮಗು ರೋಹಸೇನ. ಆರನೆಯ ಅಂಕದಲ್ಲಿ ಅವನು, ನೆರೆಯ ಹುಡುಗನಲ್ಲಿದ್ದಂತೆ ಚಿನ್ನದ ಬಂಡಿಯೇ ಬೇಕೆಂದು ಅಳುತ್ತಾನೆ. ರದನಿಕೆಯು ಮಾಡಿಕೊಟ್ಟ ಮಣ್ಣಿನ ಬಂಡಿ ಬೇಡವೆನ್ನುತ್ತಾನೆ. ಎದುರಿಗಿದ್ದ ವಸಂತಸೇನೆಯನ್ನು ತೋರಿಸಿ ಇವಳೂ ನಿನ್ನ ತಾಯಿಯೆಂದು ರದನಿಕೆಯು ಹೇಳಲು, ಅದು ಸುಳ್ಳು, ತಾಯಿಯಾದರೆ ಮೈಮೇಲೆ ಒಡವೆ ಏಕಿದೆ ಎಂದು ಕೇಳುತ್ತಾನೆ. ತಾಯಿಯೆಂದರೆ ಒಡವೆಯಿಲ್ಲದವಳೆಂಬುದೇ ಆ ಮಗುವಿಗೆ ತಿಳಿದ ಲಕ್ಷಣ. ವಸಂತಸೇನೆಯು ಅಳುತ್ತ ತನ್ನ ಒಡವೆಗಳನ್ನು ಕಳಚಿ ಮಣ್ಣಿನ ಬಂಡಿಯಲ್ಲಿ ತುಂಬುತ್ತಾಳೆ. ಎಂಟು ಅಂಗಳಗಳ ಮನೆಯುಳ್ಳ ಗಣಿಕೆಯು ಒಡವೆಯನ್ನು ಕಳಚುವುದರಿಂದ ಮನೆತನದ ಹೆಣ್ಣಾಗುವ ಕ್ಷಣವಿದು. ರೂಪಕಕ್ಕೆ ಹೆಸರು ಬಂದುದೂ ಈ ಬಂಡಿಯಿಂದಲೇ.

ತಿರುವನಂತಪುರದಲ್ಲಿ ಗಣಪತಿಶಾಸ್ತ್ರಿಗಳು 1912ರಿಂದ ಮೊದಲ್ಗೊಂಡು ಅಚ್ಚುಮಾಡಿಸಿದ ಭಾಸನಾಟಕಗಳೆಂಬವುಗಳಲ್ಲಿ ‘ಚಾರುದತ್ತ’ವೂ ಒಂದು. ಕಥೆಯು ಇದೇ, ಆದರೆ ಅದು ನಾಲ್ಕನೆಯ ಅಂಕಕ್ಕೇ ನಿಂತಿದೆ. ಮಣ್ಣಿನ ಬಂಡಿಯೂ ಮುಂದೆ ಹೇಳಲಿರುವ ಉದ್ಯಾನದ ಪ್ರಸಂಗವೂ ಅದರಲ್ಲಿಲ್ಲ. ಅವು ಉಳಿದು ಬಂದಿರುವುದು ಶೂದ್ರಕನ ಕೃತಿಯಲ್ಲಿ. ನ್ಯಾಸದ ಕಥೆಯು ತನ್ನ ಕಠಿಣವಾದ ಅರ್ಥವನ್ನು ಪಡೆಯುವುದೂ ಈ ಉತ್ತರಾರ್ಧದಲ್ಲಿಯೇ.

ಎಂಟನೆಯ ಅಂಕದಲ್ಲಿ ಬಂಡಿಗಳು ಅದಲುಬದಲಾಗಿ ವಸಂತಸೇನೆಯು ಪುಷ್ಪಕರಂಡಕವೆಂಬ ಜೀರ್ಣೋದ್ಯಾನದಲ್ಲಿ ಶಕಾರನ ಕೈಗೆ ಸಿಕ್ಕುತ್ತಾಳೆ. ಶಕಾರನು ರಾಜನ ಭಾವಮೈದುನ. ಲೋಕವೆಲ್ಲ ತನ್ನ ಅಕ್ಕನ ಗಂಡನದೆಂದು ಬಗೆದವನು. ಪುರಾಣದ ಹೆಸರುಗಳನ್ನು ಹಿಂದುಮುಂದಾಗಿ ಉದುರಿಸುತ್ತ ನಗೆಗೀಡಾಗುವ ಈ ಮೂಢನು ತಿರಸ್ಕೃತನಾದಾಗ ಕೊಲೆಗಾರನಾಗುತ್ತಾನೆ. ಅವನೊಡನೆ ಇಬ್ಬರಿದ್ದಾರೆ: ವಿಟನೊಬ್ಬ, ಬಂಡಿ ಹೊಡೆಯುವ ದಾಸ ಸ್ಥಾವರಕನೊಬ್ಬ. ವಸಂತಸೇನೆಯನ್ನು ಕೊಲ್ಲೆಂದು ಶಕಾರನು ಇಬ್ಬರಿಗೂ ಹೇಳುತ್ತಾನೆ.

ವಿಟನು ಕಿವಿ ಮುಚ್ಚಿಕೊಳ್ಳುತ್ತಾನೆ. ನಿರಪರಾಧಿಯಾದ ಹೆಣ್ಣನ್ನು ಕೊಂದರೆ ಪರಲೋಕದ ಹೊಳೆಯನ್ನು ಯಾವ ದೋಣಿಯಿಂದ ದಾಟಲಿ ಎಂದು ಸೊಗಸಾಗಿ ಕೇಳುತ್ತಾನೆ. ಸ್ಥಾವರಕನಿಗೆ ಶಕಾರನು ಚಿನ್ನದ ಕಡಗಗಳ ಆಸೆ ತೋರಿಸುತ್ತಾನೆ. ನೀನು ನನ್ನ ಮೈಗೆ ಒಡೆಯ, ನಡತೆಗಲ್ಲ ಎಂಬುದು ದಾಸನ ಉತ್ತರ. ಯಾರಿಗೆ ಹೆದರುತ್ತಿರುವೆಯೆಂದರೆ, ಪರಲೋಕಕ್ಕೆ. ಪರಲೋಕವೆಂದರೇನು? ಸುಕೃತ ದುಷ್ಕೃತಗಳ ಫಲ. ಸುಕೃತದ ಫಲವೆಂತಹುದು? ಚಿನ್ನ ತೊಟ್ಟ ನಿನ್ನಂತಹುದು. ದುಷ್ಕೃತದ್ದು? ಪರರ ಅನ್ನ ತಿನ್ನುವ ನನ್ನಂತಹುದು. ಆದುದರಿಂದ ಇನ್ನು ಪಾಪ ಮಾಡೆನು. ಹೊಡೆದರೂ ಕೊಂದರೂ ಮಾಡೆನು. ಎದುರಿನ ನೀಚನನ್ನು ಪುಣ್ಯವಂತನೆಂದು ತಪ್ಪಾಗಿ ಎಣಿಸಿದ ಈ ತರ್ಕದಿಂದ ಅವನು ತಲುಪಿದ ನಿರ್ಧಾರದಲ್ಲಿ ತಪ್ಪಿಲ್ಲ.

ಶಕಾರನು ಉಪಾಯದಿಂದ ಇಬ್ಬರನ್ನೂ ದೂರಕ್ಕೆ ಕಳುಹಿಸುತ್ತಾನೆ. ವಿಟನಿಗೆ ಅನುಮಾನವಿಲ್ಲದೆ ಇಲ್ಲ. ಆದರೂ ತನ್ನ ಎದುರಿನಲ್ಲಿ ನಾಚಿಕೊಂಡು ವಸಂತಸೇನೆಯು ಇವನಿಗೆ ಒಲಿಯಲಾರಳೇನೋ, ಏಕಾಂತದಲ್ಲಿ ಹೇಗೋ ಎಂಬ ರಸಿಕನ ಸಮಾಧಾನವೊಂದು ಒದಗುತ್ತದೆ. ಹೋಗುವಾಗ ಅವಳನ್ನು ಶಕಾರನ ಕೈಯಲ್ಲಿ ನ್ಯಾಸವಾಗಿಟ್ಟು ಹೋಗುತ್ತಾನೆ. ಹಿಂದಿರುಗಿ ನ್ಯಾಸವನ್ನು ಕೇಳುವಾಗ ಅವಳು ಕೊರಳು ಹಿಸುಕಿದವಳಾಗಿ ಬಿದ್ದಿದ್ದಾಳೆ.

ಎರಡು ನ್ಯಾಸಗಳನ್ನು ಈಗ ಜೊತೆಗಿಟ್ಟು ನೋಡಬಹುದು. ಮನುಷ್ಯರನ್ನು ನೋಡಿ ನ್ಯಾಸವಿಡುವರೇ ಹೊರತು ಮನೆಗಳನ್ನು ನೋಡಿಯಲ್ಲ ಎಂಬುದು ವಸಂತಸೇನೆಯ ಮಾತು. ಗೋಡೆ ಮುರಿದ ಮನೆಯ ಮನುಷ್ಯನನ್ನು ನಂಬಿದಳು, ನಂಬಿದ್ದು ಸುಳ್ಳಾಗಲಿಲ್ಲ. ಶಕಾರನು ಎಂಥವನೆಂದು ವಿಟನಿಗೆ ವರ್ಷಗಳಿಂದ ತಿಳಿದಿತ್ತು. ತಿಳಿದೂ ಅವನ ಕೈಯಲ್ಲಿ ಒಂದು ಜೀವವನ್ನಿಟ್ಟು ಮರದ ಮರೆಗೆ ನಡೆದನು. ಇವನಲ್ಲಿ ಕ್ರೌರ್ಯವಿಲ್ಲ, ಲೋಭವಿಲ್ಲ. ಸವಿಯಾದ ಮಾತಿದೆ, ಸಂಸ್ಕಾರವಿದೆ. ಕೆಟ್ಟ ಕೆಲಸವನ್ನು ಮಾಡಲಾರೆನೆಂದಲ್ಲಿಗೆ ತನ್ನ ಕರ್ತವ್ಯವು ಮುಗಿಯಿತೆಂದು ತಿಳಿದುದೊಂದೇ ಇವನ ದೋಷ.

ಮುಂದಿನ ಕಥೆ ತಿಳಿದದ್ದೇ. ಮಣ್ಣಿನ ಬಂಡಿಯಲ್ಲಿ ತುಂಬಿದ್ದ ಒಡವೆಗಳನ್ನು ಹಿಂದಿರುಗಿಸಲು ಹೊರಟ ಮೈತ್ರೇಯನ ಕಂಕುಳಿಂದ ಅವು ನ್ಯಾಯಸ್ಥಾನದಲ್ಲಿಯೇ ಉದುರಿ, ಚಾರುದತ್ತನ ಮೇಲೆ ಕೊಲೆಯ ಅಪರಾಧವನ್ನು ಸ್ಥಾಪಿಸುತ್ತವೆ. ಸ್ಥಾವರಕನು ಸಂಕೋಲೆಯೊಡನೆ ಸೌಧದ ಮೇಲಿನಿಂದ ಬೀದಿಗೆ ಧುಮುಕಿ ನಿಜವನ್ನು ಕೂಗಿ ಹೇಳುತ್ತಾನೆ. ಶಕಾರನು ಗುಟ್ಟಾಗಿ ಕಡಗವೊಂದನ್ನು ಕೊಡಬರಲು ಅದನ್ನೂ ಎಲ್ಲರಿಗೆ ತೋರಿಸುತ್ತಾನೆ. ಇದೇ ಇವನು ಕದ್ದ ಕಡಗ, ಹೊಡೆದುದಕ್ಕಾಗಿ ಹಗೆ ಸಾಧಿಸುತ್ತಾನೆ ಎಂದು ಶಕಾರನು ಹೇಳಲು, ಜನ ನಂಬುವುದು ಶಕಾರನನ್ನು. ದಾಸನಾದವನು ನಿಜ ಹೇಳಿದರೂ ಯಾರನ್ನೂ ಒಪ್ಪಿಸಲಾರನೆಂದು ಸ್ಥಾವರಕನು ಹಲುಬುತ್ತಾನೆ. ವಧ್ಯಸ್ಥಾನಕ್ಕೆ ಕರೆದೊಯ್ಯುವ ಚಂಡಾಲರು ಮಾತ್ರ ಬೇಕೆಂದೇ ತಡಮಾಡುತ್ತಾರೆ. ಕೊಲ್ಲುವಾಗ ಅವಸರಪಡಬೇಡವೆಂದು ಅವರಲ್ಲೊಬ್ಬನಿಗೆ ತಂದೆ ಹೇಳಿದ ಬುದ್ಧಿಯಿದೆ. ಆ ತಡದಲ್ಲಿ ವಸಂತಸೇನೆಯು ಜೀವಸಹಿತ ಬರುತ್ತಾಳೆ. ಅವಳನ್ನು ಉಳಿಸಿ ತಂದವನು ಬೌದ್ಧಭಿಕ್ಷು. ಹತ್ತು ಸುವರ್ಣಗಳ ಜೂಜಿನ ಸಾಲಕ್ಕೆ ಸಿಕ್ಕಿಬಿದ್ದು, ಅವಳು ಕೈಯ ಒಡವೆಯನ್ನು ಕಳಚಿಕೊಟ್ಟು ಬಿಡಿಸಿದ ಸಂವಾಹಕನೇ ಅವನು. ಕೇಳದೆ ಕೊಟ್ಟ ಒಡವೆಯೊಂದು ಪ್ರಾಣವಾಗಿ ಮರಳಿತು. ಬಾಯಿ ಮುಚ್ಚಿಸಲು ಕೊಟ್ಟ ಕಡಗವೊಂದು ಸತ್ಯವಂತನ ಮೇಲೆ ಕಳವಿನ ಅಪವಾದವಾಯಿತು.

ಕೊನೆಗೆ ರಾಜ್ಯವೇ ಬದಲಾಗುತ್ತದೆ. ಪಾಲಕನು ಹೋಗಿ ಆರ್ಯಕನು ಬರುತ್ತಾನೆ. ಚಾರುದತ್ತನು ಕಾಲಿಗೆ ಬಿದ್ದ ಶಕಾರನನ್ನೂ ಕ್ಷಮಿಸುತ್ತಾನೆ. ವಸಂತಸೇನೆಗೆ ವಧುವೆಂಬ ಪದವಿ, ಭಿಕ್ಷುವಿಗೆ ವಿಹಾರಗಳ ಒಡೆತನ, ಕಾವಲುಗಾರ ಚಂದನಕನಿಗೆ ದಂಡಪಾಲನ, ಚಂಡಾಲರಿಗೆ ತಮ್ಮವರ ಮೇಲಣ ಅಧಿಕಾರ. ಸ್ಥಾವರಕನಿಗೆ ದೊರೆತುದು ಒಂದೇ ಮಾತು: ಇನ್ನು ಇವನು ದಾಸನಲ್ಲ. ಚಿನ್ನವನ್ನು ಒಲ್ಲೆನೆಂದವನಿಗೆ ಚಿನ್ನವನ್ನು ಕೊಡದೆ, ನಡತೆಯಂತೆ ಮೈಯೂ ಅವನದೇ ಆಗುವಂತೆ ಮಾಡಿದ ಕವಿಯ ಔಚಿತ್ಯವು ಮೆಚ್ಚತಕ್ಕದ್ದು.

ವಿಟನ ವಿಷಯವಾಗಿ ಕವಿಯು ಕಡೆಯಲ್ಲಿ ಏನನ್ನೂ ಹೇಳಿಲ್ಲ. ಶವವೆಂದು ಬಗೆದುದನ್ನು ಕಂಡು ಅತ್ತು, ಶಕಾರನೆದುರು ಕತ್ತಿ ಹಿರಿದು, ಇನ್ನಿಲ್ಲಿ ನಿಲ್ಲಲಾಗದೆಂದು ಶರ್ವಿಲಕಾದಿಗಳನ್ನು ಸೇರಲು ಹೊರಟವನು ಅವನು. ಹತ್ತನೆಯ ಅಂಕದ ಬಹುಮಾನಗಳಲ್ಲಿ ಅವನ ಹೆಸರಿಲ್ಲ, ದಂಡನೆಯಲ್ಲಿಯೂ ಇಲ್ಲ. ಚಾರುದತ್ತನಂತೆ ಕೊಡಬಲ್ಲವರು ಲೋಕದಲ್ಲಿ ಕೆಲವರು, ಶಕಾರನಂತೆ ಕೊಲ್ಲಬಲ್ಲವರೂ ಕೆಲವರೇ. ಒಳ್ಳೆಯದನ್ನು ಬಲ್ಲವರಾಗಿ, ಒಳ್ಳೆಯ ಮಾತನ್ನಾಡಿ, ತುಸು ದೂರ ಹೋಗಿ ನಿಲ್ಲುವವರು ಬಹುಮಂದಿ. ಅದರಲ್ಲಿಯೂ ಓದುಬರಹ ಬಲ್ಲ ಮನೆಗಳಲ್ಲಿ. ಪುಸ್ತಕವನ್ನು ಮುಚ್ಚಿದ ಮೇಲೂ ಆ ಮರದ ಮರೆಯು ಓದುಗನ ಕಣ್ಣಿಗೆ ಕಟ್ಟಿದಂತಿದ್ದರೆ, ಶೂದ್ರಕನು ಇಟ್ಟ ನ್ಯಾಸವು ತಕ್ಕ ಕೈಯನ್ನು ಸೇರಿತೆಂದು ತಿಳಿಯಬಹುದು.